ಕೃತ್ತಿಕೆಯ ಆರು ತಾರೆಗಳು

ಭಗವಾನ್ ಮಹಾವೀರರು ಜನಿಸಿದ್ದು ಚೈತ್ರ ಶುದ್ಧ ತ್ರಯೋದಶಿಯಂದು, ಉತ್ತರಾಫಾಲ್ಗುಣಿ ನಕ್ಷತ್ರದಲ್ಲಿ. ನಿರ್ವಾಣ ಹೊಂದಿದ್ದು ಅಮಾವಾಸ್ಯೆಯ ಪ್ರತ್ಯೂಷ ಕಾಲದಲ್ಲಿ, ಸ್ವಾತಿ ನಕ್ಷತ್ರದಲ್ಲಿ. ಈ ಎರಡು ಮಾತುಗಳನ್ನು ಕೇಳದ ಜೈನ ಮನೆ ಇರಲಾರದು. ಆದರೆ ಆ ಉತ್ತರಾಫಾಲ್ಗುಣಿಯನ್ನು, ಆ ಸ್ವಾತಿಯನ್ನು ಸ್ವತಃ ಕಣ್ಣಿನಿಂದ ಕಂಡವರು ಎಷ್ಟು ಮಂದಿ ಎಂದು ಕೇಳಿದರೆ ಯಾವ ಸಭೆಯಾದರೂ ಮೌನವಾಗುತ್ತದೆ. 2023ರ ಮಹಾವೀರ ಜಯಂತಿಯ ರಾತ್ರಿ, ಘಟ್ಟದ ಬುಡಕ್ಕೂ ಕಡಲಿಗೂ ನಡುವೆ ಇರುವ ಒಂದು ಊರಿನ ಹಳೆಯ ಬಸದಿಯಲ್ಲಿ ಆ ಪ್ರಶ್ನೆಯನ್ನು ಕೇಳಿದವಳು ಹತ್ತು ವರ್ಷದ ಒಬ್ಬ ಹುಡುಗಿ. ತೊಟ್ಟಿಲ ಸೇವೆ ಮುಗಿದು, ಪ್ರವಚನವೂ ಮುಗಿದು, ಜನರು ಅಂಗಳಕ್ಕೆ ಇಳಿಯುತ್ತಿದ್ದರು. ಅವಳು ಅಜ್ಜನ ಕೈ ಹಿಡಿದು, “ಅಜ್ಜ, ಆ ನಕ್ಷತ್ರ ಈಗ ಇದೆಯಾ? ಎಲ್ಲಿ?” ಎಂದಳು.

ಅಜ್ಜ ಪ್ರೌಢಶಾಲೆಯಲ್ಲಿ ಮೂರು ದಶಕಗಳಿಗೂ ಮಿಕ್ಕಿ ವಿಜ್ಞಾನ ಕಲಿಸಿ 2020ರಲ್ಲಿ ನಿವೃತ್ತರಾದವರು. ಊರಿನಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರಿಲ್ಲ. ಎಲ್ಲರಿಗೂ ಅವರು ಮಾಸ್ಟ್ರು. ಬಸದಿಯ ಮೊಕ್ತೇಸರರಲ್ಲಿ ಒಬ್ಬರು. ಮೊಮ್ಮಗಳ ಪ್ರಶ್ನೆಗೆ ಉತ್ತರ ಅವರ ನಾಲಿಗೆಯ ತುದಿಯಲ್ಲಿತ್ತು. ಚೈತ್ರ ಶುದ್ಧ ತ್ರಯೋದಶಿಯ ರಾತ್ರಿ ಉತ್ತರಾಫಾಲ್ಗುಣಿಯನ್ನು ಹುಡುಕುವುದು ಅತಿ ಸುಲಭ. ಆ ತಿಥಿಯಂದು ಚಂದ್ರನು ತಾನೇ ಆ ನಕ್ಷತ್ರದ ಆಸುಪಾಸಿನಲ್ಲಿ ನಿಂತಿರುತ್ತಾನೆ. ಕನ್ನಡ ನಾಡಿನ ಈ ಅಕ್ಷಾಂಶದಲ್ಲಿ ಅದು ಮಧ್ಯರಾತ್ರಿಗೆ ಸ್ವಲ್ಪ ಮುಂಚೆ ಹೆಚ್ಚುಕಡಿಮೆ ನೆತ್ತಿಯ ಮೇಲೆಯೇ ಹಾಯುತ್ತದೆ. ಅವರು ಕೈ ಎತ್ತಿದರು. ಚಂದ್ರನಿದ್ದ. ನಕ್ಷತ್ರ ಕಾಣಲಿಲ್ಲ. ಅಂಗಳದ ನಾಲ್ಕು ಮೂಲೆಗಳಿಂದ ನಾಲ್ಕು ಎಲ್‌ಇಡಿ ಫ್ಲಡ್‌ಲೈಟುಗಳು ಮಾನಸ್ತಂಭಕ್ಕೂ ಮಾಡಿಗೂ ಮುಖ ಮಾಡಿ ಉರಿಯುತ್ತಿದ್ದವು. ಅಂಗೈಯನ್ನು ಹಣೆಗೆ ಅಡ್ಡ ಹಿಡಿದರೂ ಕಣ್ಣು ಕೋರೈಸುತ್ತಿತ್ತು. ಕೊನೆಗೆ ಹಿಂಬದಿಯ ಕೊಟ್ಟಿಗೆಯ ನೆರಳಿಗೆ ಹೋಗಿ, ಗೋಡೆಗೆ ಒರಗಿ ನಿಂತು, ಬಹಳ ಹೊತ್ತಿನ ಮೇಲೆ ಒಂದು ಚುಕ್ಕೆಯನ್ನು ತೋರಿಸಿದರು. ಹುಡುಗಿ, “ಅಷ್ಟೆಯಾ?” ಎಂದಳು.

ಆ ನಾಲ್ಕು ದೀಪಗಳನ್ನು ಹಾಕಿಸುವ ಠರಾವಿಗೆ 2019ರಲ್ಲಿ ಮೊದಲ ಸಹಿ ಹಾಕಿದವರು ಅವರೇ.

ಅದಕ್ಕೆ ಕಾರಣವಿತ್ತು. ನೆರೆಯ ಊರಿನ ಬಸದಿಯೊಂದರಲ್ಲಿ ಕಳವಾಗಿತ್ತು. ಪಂಚಲೋಹದ ಪುಟ್ಟ ಜಿನಬಿಂಬಗಳು ಹೋಗಿದ್ದವು. ಊರಿನಿಂದ ಹೊರಗೆ ಹೋಗಿ ನೆಲಸಿದ ಒಂದು ಕುಟುಂಬದವರು ತೀರಿಕೊಂಡ ತಮ್ಮ ತಾಯಿಯ ಹೆಸರಿನಲ್ಲಿ ದೀಪಗಳನ್ನು ದಾನ ಮಾಡಲು ಮುಂದೆ ಬಂದರು. ಕಂಬಗಳ ಬುಡದಲ್ಲಿ ಆ ತಾಯಿಯ ಹೆಸರನ್ನು ಕೆತ್ತಿದ ಕಲ್ಲು ಇದೆ. ಎಷ್ಟು ವ್ಯಾಟ್, ಯಾವ ಬಣ್ಣ ಎಂದು ಮೊಕ್ತೇಸರರು ವಿಜ್ಞಾನದ ಅಧ್ಯಾಪಕರನ್ನೇ ಕೇಳಿದ್ದರು. ಹೆಚ್ಚು ಬೆಳಕು, ಕಡಿಮೆ ಖರ್ಚು, ಹಾಲಿನಂಥ ಬಿಳುಪು: ಹೀಗೆ ಹೇಳಿದವರೂ ಅವರೇ. ಅದೇ ವರ್ಷದ ಮೊದಲ ಮಳೆಗೆ ಬಸದಿಯ ಇಂದ್ರರು ಅವರ ಬಳಿ ಬಂದು, “ಮಾಸ್ಟ್ರೇ, ಬೆಳಿಗ್ಗೆ ಗುಡಿಸುವಾಗ ಹುಳ ತುಂಬಾ ಸಿಗ್ತದೆ” ಎಂದು ಸಂಕೋಚದಿಂದ ಹೇಳಿದ್ದರು. “ಎರಡು ದಿನ ಇರ್ತದೆ, ಆಮೇಲೆ ನಿಲ್ತದೆ” ಎಂದು ಇವರು ಉತ್ತರ ಕೊಟ್ಟಿದ್ದರು. ಇಂದ್ರರು ಮತ್ತೆ ಆ ಮಾತು ಎತ್ತಲಿಲ್ಲ.

ಇದೇ ಅಂಗಳ ಹಿಂದೆ ಹೀಗಿರಲಿಲ್ಲ. 1986ರ ಏಪ್ರಿಲ್ ತಿಂಗಳ ಅಮಾವಾಸ್ಯೆಯ ಸುಮಾರಿಗೆ ಹ್ಯಾಲಿ ಧೂಮಕೇತುವು ಭೂಮಿಗೆ ಸಮೀಪವಾಗಿ ದಕ್ಷಿಣ ದಿಕ್ಕಿನಲ್ಲಿ ಕಾಣುತ್ತಿದ್ದಾಗ, ಆಗ ತಾನೇ ಕೆಲಸಕ್ಕೆ ಸೇರಿದ್ದ ಮಾಸ್ಟ್ರು ಶಾಲೆಯ ಮಕ್ಕಳನ್ನು ಕರೆತಂದು ನಿಲ್ಲಿಸಿದ್ದು ಈ ಅಂಗಳದಲ್ಲಿಯೇ. ಆಗ ಬಸದಿಗೆ ಇದ್ದದ್ದು ಬಾಗಿಲ ಮೇಲಿನ ಒಂದು ಬಲ್ಬು ಮಾತ್ರ. ಅದನ್ನೂ ಇಂದ್ರರ ತಂದೆ ಆರಿಸಿಕೊಟ್ಟಿದ್ದರು. ಉತ್ತರದ ದೇಶಗಳ ಜನರು ಆ ಬಾರಿ ಧೂಮಕೇತು ನಿರಾಶೆಗೊಳಿಸಿತೆಂದು ಬರೆದರು. ದಕ್ಷಿಣ ಭಾರತದಲ್ಲಿ, ಕತ್ತಲೆಯಿದ್ದ ಊರುಗಳಲ್ಲಿ, ಅದು ಮಸುಕಾದ ಹತ್ತಿಯ ಉಂಡೆಯಂತೆ ಬರಿಗಣ್ಣಿಗೇ ಕಂಡಿತು. ಅದು ಮತ್ತೆ ಬರುವುದು 2061ರಲ್ಲಿ. ಮೊಮ್ಮಗಳಿಗೆ ಆಗ ನಲವತ್ತೆಂಟು ವರ್ಷ. ಈ ಲೆಕ್ಕವನ್ನು ಅವರು ಕೊಟ್ಟಿಗೆಯ ಗೋಡೆಗೆ ಒರಗಿ ನಿಂತಾಗಲೇ ಮನಸ್ಸಿನಲ್ಲಿ ಹಾಕಿದರಂತೆ.

ನಕ್ಷತ್ರ ತೋರಿಸಲು ಕತ್ತಲೆಯ ಜಾಗವೊಂದನ್ನು ಹುಡುಕಬೇಕೆಂದು ಅವರು ಆ ರಾತ್ರಿಯೇ ನಿಶ್ಚಯಿಸಿದರು. ಮಳೆಗಾಲ ಕಳೆಯುವವರೆಗೆ ಕರಾವಳಿಯಲ್ಲಿ ಆಕಾಶದ ಮಾತು ಎತ್ತುವಂತಿಲ್ಲ. ಆಕಾಶಗಂಗೆಯ ಅತ್ಯಂತ ದಟ್ಟವಾದ ಭಾಗ ಸಂಜೆಯ ಹೊತ್ತಿಗೆ ಎತ್ತರದಲ್ಲಿ ಬರುವುದು ಇಲ್ಲಿಯ ಮಳೆಯ ತಿಂಗಳುಗಳಲ್ಲಿಯೇ. ಇದು ಈ ನಾಡಿನವರ ದುರದೃಷ್ಟ. ಅವರು ಕಾದರು. ಅಕ್ಟೋಬರಿನಲ್ಲಿ ಒಂದು ದಿನ ಕಡಲ ತೀರಕ್ಕೆ ಹೋದರು. ಸಮುದ್ರದ ಮೇಲೆ ಯಾರ ಮನೆಯೂ ಇಲ್ಲವೆಂಬುದು ಅವರ ಎಣಿಕೆಯಾಗಿತ್ತು. ಆದರೆ ದಿಗಂತದುದ್ದಕ್ಕೂ ಮೀನುಗಾರಿಕೆಯ ದೋಣಿಗಳ ದೀಪಗಳು ಸಾಲಾಗಿ ಉರಿಯುತ್ತಿದ್ದವು. ಬೆನ್ನ ಹಿಂದೆ ಹೆದ್ದಾರಿಯ ಬೆಳಕು. ಮೇಲೆ ಉಪ್ಪಿನ ತೇವದಿಂದ ತುಂಬಿದ ಗಾಳಿ ಆ ಎಲ್ಲ ಬೆಳಕನ್ನೂ ಹೀರಿ ಆಕಾಶವನ್ನು ಬೂದಿಯ ಬಣ್ಣಕ್ಕೆ ತಿರುಗಿಸಿತ್ತು. ಗಾಳಿಯಲ್ಲಿ ತೇವಾಂಶ ಹೆಚ್ಚಿದಷ್ಟೂ ದೀಪದ ಬೆಳಕು ಚದರಿ ಆಕಾಶದಲ್ಲಿ ಹರಡುತ್ತದೆ. ನಿರ್ಜನವಾದ ಸ್ಥಳವೆಲ್ಲ ಕತ್ತಲೆಯ ಸ್ಥಳವಲ್ಲ.

ಬಳಿಕ ಅವರ ಸೋದರಳಿಯನು ಕಾರಿನಲ್ಲಿ ಘಟ್ಟದ ಮೇಲಕ್ಕೆ ಹೋಗೋಣವೆಂದನು. ಎತ್ತರಕ್ಕೆ ಹೋದರೆ ಧೂಳು, ತೇವ ಎರಡೂ ಕೆಳಗುಳಿಯುತ್ತವೆ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ರಾತ್ರಿ ಎಂಟರ ಹೊತ್ತಿಗೆ ಹೊರಟರು. ಸಂಜೆ ಹನಿ ಬಿದ್ದು ರಸ್ತೆ ಒದ್ದೆಯಾಗಿತ್ತು. ಮೊದಲ ತಿರುವಿನಲ್ಲಿಯೇ ಕಾರಿನ ದೀಪದ ಬೆಳಕಿನಲ್ಲಿ ಒಂದು ಕಪ್ಪೆ ಕುಪ್ಪಳಿಸಿತು, ಮುಂದಿನದರಲ್ಲಿ ನಾಲ್ಕು. ಆಮೇಲೆ ಎಣಿಸಲಾಗಲಿಲ್ಲ. ಅಳಿಯನು ಎಷ್ಟು ಜಾಗರೂಕತೆಯಿಂದ ಓಡಿಸಿದರೂ ಚಕ್ರದ ಕೆಳಗೆ ಏನಾಗುತ್ತಿದೆ ಎಂಬುದು ಒಳಗೆ ಕುಳಿತವರಿಗೆ ತಿಳಿಯುತ್ತಿತ್ತು. ಐದನೆಯ ಕಿಲೋಮೀಟರಿನಲ್ಲಿ ಮಾಸ್ಟ್ರು, “ಸಾಕು, ನಿಲ್ಲಿಸು” ಎಂದರು. ಹಿಂದಿರುಗಬೇಕಾದರೂ ಅದೇ ದಾರಿಯಲ್ಲಿಯೇ ಬರಬೇಕಲ್ಲವೇ? ರಸ್ತೆಯ ಬದಿಯಲ್ಲಿ ಕಾರು ನಿಲ್ಲಿಸಿ ಒಂದೂವರೆ ಗಂಟೆ ಸುಮ್ಮನೆ ಕುಳಿತು, ನೆಲ ಸ್ವಲ್ಪ ಆರಿದ ಮೇಲೆ, ಅಳಿಯನು ಮುಂದೆ ನಡೆದು ದಾರಿ ನೋಡುತ್ತ, ಹುಡುಗಿಯ ತಾಯಿ ಕಾರನ್ನು ಓಡಿಸುತ್ತ ಕೆಳಗಿಳಿದರು. ಆ ರಾತ್ರಿ ಯಾರೂ ಆಕಾಶವನ್ನು ನೋಡಲಿಲ್ಲ.

ಮುನಿಗಳು ರಾತ್ರಿ ವಿಹಾರ ಮಾಡುವುದಿಲ್ಲ, ಚಾತುರ್ಮಾಸದಲ್ಲಿ ಊರು ಬಿಟ್ಟು ಊರಿಗೆ ಹೋಗುವುದಿಲ್ಲ. ಈರ್ಯಾಸಮಿತಿಯೆಂದರೆ ಮುಂದಿನ ನಾಲ್ಕು ಮೊಳ ನೆಲವನ್ನು ಕಣ್ಣಿನಿಂದ ಕಂಡೇ ಹೆಜ್ಜೆಯಿಡುವುದು. ಇವೆಲ್ಲ ಮುನಿಧರ್ಮದ ಮಾತುಗಳು, ಶ್ರಾವಕನಿಗೆ ಅಷ್ಟು ಕಟ್ಟುನಿಟ್ಟಿಲ್ಲ ಎಂದು ಸಾಮಾನ್ಯವಾಗಿ ಹೇಳುವುದುಂಟು. ಮಾಸ್ಟ್ರೂ ಹಾಗೆಯೇ ತಿಳಿದಿದ್ದರು. ಆದರೆ ನಕ್ಷತ್ರ ನೋಡುವ ಸ್ಥಳಕ್ಕೆ ಏನೇನು ಲಕ್ಷಣಗಳಿರಬೇಕೆಂದು ಅವರು ಒಂದು ಹಾಳೆಯಲ್ಲಿ ಬರೆಯತೊಡಗಿದಾಗ ವಿಚಿತ್ರವೊಂದು ಕಂಡಿತು. ಖಗೋಳದ ನಿಯಮಗಳೂ ವ್ರತದ ನಿಯಮಗಳೂ ಒಂದರ ಪಕ್ಕದಲ್ಲೊಂದು ಕುಳಿತುಕೊಳ್ಳುತ್ತಿದ್ದವು.

ಸ್ಥಳಕ್ಕೆ ಹಗಲಿನಲ್ಲಿಯೇ ಹೋಗಬೇಕು. ನೆಲದ ತಗ್ಗುದಿಣ್ಣೆ, ಹಾವಿನ ಹುತ್ತ, ಮರಗಳ ಅಡ್ಡಿ ಎಲ್ಲವೂ ಬೆಳಕಿನಲ್ಲಿ ಕಂಡಿರಬೇಕೆಂಬುದು ವೀಕ್ಷಕರ ಮೊದಲ ಪಾಠ; ಹಗಲಿನಲ್ಲಿ ನಡೆದರೆ ಕಾಲಡಿಯ ಜೀವವೂ ಉಳಿಯುತ್ತದೆ. ಹುಲ್ಲುಗಾವಲಿಗಿಂತ ಬರಿಯ ಬಂಡೆ ಒಳ್ಳೆಯದು. ಹುಲ್ಲಿನ ಮೇಲೆ ಇಬ್ಬನಿ ಹೆಚ್ಚು, ಹುಲ್ಲಿನಲ್ಲಿ ಜೀವಿಗಳೂ ಹೆಚ್ಚು. ಊಟವನ್ನು ಸೂರ್ಯಾಸ್ತಕ್ಕೆ ಮುಂಚೆಯೇ ಮುಗಿಸಬೇಕು, ಏಕೆಂದರೆ ಊಟಕ್ಕೆ ದೀಪ ಬೇಕು, ದೀಪ ಹಚ್ಚಿದರೆ ಕಣ್ಣು ಕೆಡುತ್ತದೆ. ಕತ್ತಲಾದ ಮೇಲೆ ತಿರುಗಾಡಬಾರದು, ಕುಳಿತಲ್ಲಿಯೇ ಕುಳಿತಿರಬೇಕು. ಬೆಳಕಿನಿಂದ ಕತ್ತಲೆಗೆ ಬಂದ ಕಣ್ಣಿನ ಪಾಪೆ ಕ್ಷಣಗಳಲ್ಲಿ ಹಿಗ್ಗಿದರೂ ಅಕ್ಷಿಪಟದ ಕೋಶಗಳು ಪೂರ್ತಿ ಎಚ್ಚರಗೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷವಾದರೂ ಬೇಕು, ಅದರ ನಂತರವೂ ದೃಷ್ಟಿ ಸ್ವಲ್ಪ ಸ್ವಲ್ಪವೇ ಸುಧಾರಿಸುತ್ತ ಹೋಗುತ್ತದೆ. ಒಂದೇ ಒಂದು ಬಾರಿ ಮೊಬೈಲ್ ಬೆಳಗಿದರೆ ಮತ್ತೆ ಮೊದಲಿನಿಂದ. ಸಾಮಾಯಿಕದ ಕಾಲ ಒಂದು ಮುಹೂರ್ತ, ಎಂದರೆ ನಲವತ್ತೆಂಟು ನಿಮಿಷ. ಇಲ್ಲಿ ಅವರು ಪೆನ್ನು ಕೆಳಗಿಟ್ಟು ನಕ್ಕರು.

ಇಷ್ಟು ಬರೆದ ಮೇಲೆ ಜಾಗ ತಾನಾಗಿಯೇ ಸಿಕ್ಕಿತು. ಮನೆಯಿಂದ ಮೂರು ಕಿಲೋಮೀಟರ್ ದೂರದಲ್ಲಿ ಮುರಕಲ್ಲಿನ ಒಂದು ಪದವು. ಬಾಲ್ಯದಲ್ಲಿ ದನ ಮೇಯಿಸಲು ಹೋಗುತ್ತಿದ್ದ ಜಾಗ. ಈಗ ಅಲ್ಲಿಗೆ ಯಾರೂ ಹೋಗುವುದಿಲ್ಲ. ಪೇಟೆಗಳು, ಹೆದ್ದಾರಿ ಎಲ್ಲವೂ ಪಶ್ಚಿಮಕ್ಕೆ. ಪೂರ್ವದಲ್ಲಿ ಘಟ್ಟದ ಗೋಡೆ, ಅದರಾಚೆ ಕಾಡು. ಗುಡ್ಡವು ಎದುರಿನ ದೀಪವನ್ನು ಮರೆಮಾಡಬಲ್ಲದೇ ಹೊರತು ಆಕಾಶಕ್ಕೆ ಹರಡಿದ ಪ್ರಭೆಯನ್ನು ತಡೆಯಲಾರದು. ಆದ್ದರಿಂದ ಯಾವ ದಿಕ್ಕಿನಲ್ಲಿ ಊರಿಲ್ಲ ಎಂಬುದೇ ಮುಖ್ಯ. ದಕ್ಷಿಣದಲ್ಲಿಯೂ ದೊಡ್ಡ ಊರು ಇರಲಿಲ್ಲ. ಇದು ಕನ್ನಡ ನಾಡಿನವರು ವಿಶೇಷವಾಗಿ ಗಮನಿಸಬೇಕಾದ ವಿಷಯ. ಇಂಗ್ಲಿಷಿನ ಪುಸ್ತಕಗಳು ಆಕಾಶದ ಸ್ವಚ್ಛತೆಯನ್ನು ಪರೀಕ್ಷಿಸಲು ಧ್ರುವನ ಸುತ್ತಲಿನ ಮಂದ ತಾರೆಗಳನ್ನು ಎಣಿಸಲು ಹೇಳುತ್ತವೆ. ಇಲ್ಲಿ ಧ್ರುವ ನಕ್ಷತ್ರವೇ ದಿಗಂತದಿಂದ ಹದಿಮೂರು ಅಂಶ ಮೇಲೆ, ಚಾಚಿದ ಕೈಯ ಒಂದೂಕಾಲು ಮುಷ್ಟಿಯಷ್ಟು ಎತ್ತರದಲ್ಲಿ, ಮಂಜಿನೊಳಗೆ ಕುಳಿತಿದೆ; ಅಲ್ಲಿ ಏನನ್ನು ಎಣಿಸುವುದು? ಅದಕ್ಕೆ ಬದಲಾಗಿ ಆ ದೇಶಗಳವರಿಗೆ ಕಾಣದ ಅಗಸ್ತ್ಯ, ತ್ರಿಶಂಕು ಇಲ್ಲಿಯ ದಕ್ಷಿಣಾಕಾಶದಲ್ಲಿ ಚೆನ್ನಾಗಿ ಮೇಲೆ ಬರುತ್ತವೆ. ದಕ್ಷಿಣ ದಿಕ್ಕು ತೆರೆದಿರಬೇಕು, ಕತ್ತಲಾಗಿರಬೇಕು.

ಪರೀಕ್ಷೆಗೆ ಅವರು ಆರಿಸಿಕೊಂಡದ್ದು ಕೃತ್ತಿಕೆಯನ್ನು. ಲೋಕವರ್ಣನೆಯ ಜೈನ ಗ್ರಂಥಗಳು ಇಪ್ಪತ್ತೆಂಟು ನಕ್ಷತ್ರಗಳನ್ನು, ಅಭಿಜಿತ್ತನ್ನೂ ಸೇರಿಸಿ, ಹೇಳುತ್ತವೆ. ಒಂದೊಂದಕ್ಕೂ ಎಷ್ಟು ತಾರೆಗಳೆಂಬ ಲೆಕ್ಕವನ್ನೂ ಕೊಡುತ್ತವೆ. ಕೃತ್ತಿಕೆಗೆ ಆರು, ರೋಹಿಣಿಗೆ ಐದು, ಮೃಗಶಿರಕ್ಕೆ ಮೂರು, ಆರ್ದ್ರೆಗೆ ಒಂದು, ಸ್ವಾತಿಗೆ ಒಂದು. ಆ ಲೆಕ್ಕ ಕೊಟ್ಟವರು ಎಂದೋ ಒಂದು ಕತ್ತಲೆಯ ರಾತ್ರಿಯಲ್ಲಿ ಕುಳಿತು ಎಣಿಸಿದ್ದಾರೆ. ಇಂದಿಗೂ ಸ್ವಚ್ಛವಾದ ಆಕಾಶದಲ್ಲಿ ಸಾಮಾನ್ಯ ದೃಷ್ಟಿಯವರಿಗೆ ಕೃತ್ತಿಕೆಯಲ್ಲಿ ಆರು ತಾರೆಗಳೇ ಕಾಣುತ್ತವೆ. ತೀಕ್ಷ್ಣ ಕಣ್ಣಿನವರಿಗೆ ಇನ್ನೂ ಕೆಲವು. ಪೇಟೆಯಲ್ಲಿ ಅದು ಒಂದು ಮಸುಕು ಗುರುತು ಮಾತ್ರ. ಜಾನ್ ಬಾರ್ಟಲ್ ಎಂಬ ಅಮೆರಿಕದ ವೀಕ್ಷಕರು 2001ರಲ್ಲಿ ಆಕಾಶದ ಕತ್ತಲೆಗೆ ಒಂಬತ್ತು ದರ್ಜೆಗಳ ಮಾಪಕವೊಂದನ್ನು ಮಾಡಿಕೊಟ್ಟರು. ಅದು ಶಾಸ್ತ್ರೀಯವಾದದ್ದು, ಉಪಯುಕ್ತವಾದದ್ದು. ಆದರೆ ಹತ್ತು ವರ್ಷದ ಹುಡುಗಿಗೆ ಆರರವರೆಗೆ ಎಣಿಸುವುದು ಸಾಕು.

2023ರ ಡಿಸೆಂಬರ್ ಅಮಾವಾಸ್ಯೆಯಂದು ನಾಲ್ವರೂ ಸಂಜೆ ನಾಲ್ಕೂವರೆಗೆ ನಡೆದುಕೊಂಡೇ ಪದವಿಗೆ ಹೋದರು. ಬುತ್ತಿಯನ್ನು ಸೂರ್ಯ ಮುಳುಗುವ ಮುನ್ನ ಮುಗಿಸಿದರು. ಬಂಡೆಯನ್ನು ಮೃದುವಾದ ಬಟ್ಟೆಯಿಂದ ಒರೆಸಿ ಚಾಪೆ ಹಾಸಿದರು. ಮುಸ್ಸಂಜೆ ಕಳೆಯುತ್ತಿದ್ದಂತೆ ಮಾಸ್ಟ್ರು ಎಲ್ಲರನ್ನೂ ಸಾಮಾಯಿಕಕ್ಕೆ ಕೂರಿಸಿದರು. ಹುಡುಗಿ ಮಧ್ಯೆ ಎರಡು ಸಲ ಕಣ್ಣು ಬಿಟ್ಟಳೆಂದು ಆಮೇಲೆ ಒಪ್ಪಿಕೊಂಡಳು. ಮುಹೂರ್ತ ತುಂಬಿದಾಗ ಏಳೂವರೆ.

ಅವರು ಕಣ್ಣು ತೆರೆದಾಗ ಕಂಡದ್ದನ್ನು ವರ್ಣಿಸುವುದು ಬೇಡ. ಪಶ್ಚಿಮದಲ್ಲಿ ಪೇಟೆಗಳ ಕಿತ್ತಳೆ ಬಣ್ಣದ ಮಬ್ಬು ಇದ್ದೇ ಇತ್ತು. ಪೂರ್ವದಲ್ಲಿ ಕೃತ್ತಿಕೆ ಅರ್ಧ ಆಕಾಶ ಏರಿತ್ತು. ಹುಡುಗಿ ಎಣಿಸಿದಳು: ಆರು. ಮತ್ತೊಮ್ಮೆ ಎಣಿಸಿ ಏಳು ಎಂದಳು. ಅಳಿಯ ಆರು ಎಂದ. ಮಾಸ್ಟ್ರ ಕಣ್ಣಿಗೆ ಪೊರೆ ಬರತೊಡಗಿತ್ತು, ಅವರಿಗೆ ನಾಲ್ಕು. ನೆತ್ತಿಗಿಂತ ಸ್ವಲ್ಪ ಉತ್ತರಕ್ಕೆ ದೇವಯಾನಿಯ ಬ್ರಹ್ಮಾಂಡವನ್ನು, ನೇರವಾಗಿ ನೋಡದೆ ಕಣ್ಣನ್ನು ತುಸು ಓರೆ ಮಾಡಿ ನೋಡುವುದನ್ನು, ಅವರು ಕಲಿಸಿದರು. ಇಪ್ಪತ್ತೈದು ಲಕ್ಷ ಜ್ಯೋತಿರ್ವರ್ಷಗಳಾಚೆಯ ಬೆಳಕು. ಹತ್ತು ಗಂಟೆಗೆ ದಕ್ಷಿಣದ ಅಂಚಿನಲ್ಲಿ ಅಗಸ್ತ್ಯ ಬಂದನು. ಮಿಥುನ ರಾಶಿಯ ಉಲ್ಕೆಗಳ ವಾರ ಅದಾದ್ದರಿಂದ ಆಗಾಗ ಒಂದೊಂದು ಗೆರೆ ಎಳೆದು ಮಾಯವಾಗುತ್ತಿತ್ತು. ಕತ್ತಲೆಯಲ್ಲಿ ನಡೆಯಬಾರದೆಂಬ ನಿಯಮದಿಂದ ಬೆಳಗಿನವರೆಗೆ ಅಲ್ಲಿಯೇ ಉಳಿಯಬೇಕಿತ್ತು. ಹಾಗೆ ಉಳಿದದ್ದರಿಂದ ನಾಲ್ಕರ ಹೊತ್ತಿಗೆ ಘಟ್ಟದ ಮೇಲೆ ಕೇಸರಿ ಬಣ್ಣದ ಸ್ವಾತಿಯೂ ಕಾಣಿಸಿತು.

“ಅಜ್ಜ, ಶಾಲೆಯ ಪುಸ್ತಕದಲ್ಲಿ ನಕ್ಷತ್ರ ಅಂದ್ರೆ ಸೂರ್ಯನ ಹಾಗೇ ಅಂತ ಇದೆ. ಬಸದಿಯಲ್ಲಿ ಜ್ಯೋತಿಷ್ಕ ದೇವರ ವಿಮಾನ ಅಂತಾರೆ. ಯಾವುದು ಸರಿ?” ಎಂದು ಹುಡುಗಿ ಕೇಳಿದಳು. ಮೂವತ್ತು ವರ್ಷ ತರಗತಿಯಲ್ಲಿ ಈ ಪ್ರಶ್ನೆಯನ್ನು ಜಾಣತನದಿಂದ ದಾಟಿ ಬಂದವರು ಅವರು. “ಎಣಿಸುವಾಗ ಎರಡೂ ಒಂದೇ ಮಗೂ. ಮೊದಲು ಎಣಿಸು” ಎಂದರು. ಉತ್ತರ ಪೂರ್ಣವಲ್ಲ, ಅದು ಅವರಿಗೂ ಗೊತ್ತು.

ಜಾಗ ಸಿಕ್ಕಿತು, ಮೊಮ್ಮಗಳು ನೋಡಿದಳು. ಮಾತು ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಆ ಚಳಿಗಾಲದಲ್ಲಿ ಅವರು ಕತ್ತಲೆಯ ಸ್ಥಳಗಳ ವಿಷಯವನ್ನೇ ಓದಿದರು. ವೇಣು ಬಾಪ್ಪು ಅವರು 1960ರ ದಶಕದಲ್ಲಿ ಜವ್ವಾದು ಬೆಟ್ಟಗಳ ಕಾವಲೂರನ್ನು ವೀಕ್ಷಣಾಲಯಕ್ಕಾಗಿ ಆರಿಸಿದ್ದು ಅಲ್ಲಿಯ ಕತ್ತಲೆಗಾಗಿ, ದಕ್ಷಿಣಾಕಾಶದ ನೋಟಕ್ಕಾಗಿ. ಅವರ ಹೆಸರಿನ 2.34 ಮೀಟರ್ ವ್ಯಾಸದ ದೂರದರ್ಶಕ 1986ರಲ್ಲಿ ಅಲ್ಲಿ ಕಾರ್ಯಾರಂಭ ಮಾಡಿತು. ಮುಂದೆ ಬೆಂಗಳೂರಿನ ಅದೇ ಖಭೌತ ಸಂಸ್ಥೆ ಲಡಾಖಿನ ಹಾನ್ಲೆಗೆ, ಸುಮಾರು 4,500 ಮೀಟರ್ ಎತ್ತರಕ್ಕೆ, ಹೋಯಿತು. ಅಲ್ಲಿಯ ಎರಡು ಮೀಟರ್ ದೂರದರ್ಶಕವನ್ನು ಉಪಗ್ರಹದ ಸಂಪರ್ಕದಿಂದ ನಮ್ಮ ಹೊಸಕೋಟೆಯಲ್ಲಿ ಕುಳಿತು ನಡೆಸುತ್ತಾರೆ. ಆದರೆ ಮಾಸ್ಟ್ರ ಗಮನ ಸೆಳೆದದ್ದು ದೂರದರ್ಶಕವಲ್ಲ. 2022ರ ಡಿಸೆಂಬರಿನಲ್ಲಿ ಹಾನ್ಲೆಯ ಸುತ್ತಲಿನ 1,073 ಚದರ ಕಿಲೋಮೀಟರ್ ಪ್ರದೇಶವನ್ನು ಕತ್ತಲ ಆಕಾಶದ ಮೀಸಲು ಪ್ರದೇಶವೆಂದು ಘೋಷಿಸಿದಾಗ, ಅಲ್ಲಿಯ ಹಳ್ಳಿಯವರು ದೀಪಗಳಿಗೆ ಮರೆ ಕಟ್ಟಲು, ಕಿಟಕಿಗಳಿಗೆ ಪರದೆ ಹಾಕಲು ಒಪ್ಪಿದರು. ಕತ್ತಲೆಯ ಸ್ಥಳವನ್ನು ಆರಿಸಿದರೆ ಸಾಲದು, ಅದನ್ನು ಕಾಯಬೇಕು. ಕಾಯುವವರು ಅಲ್ಲಿ ವಾಸಿಸುವವರು. 2011ರಿಂದ 2022ರವರೆಗೆ ಲೋಕದ ನಾನಾ ಕಡೆಯ ಜನರು ಬರಿಗಣ್ಣಿನಿಂದ ನಕ್ಷತ್ರಗಳನ್ನು ನೋಡಿ ದಾಖಲಿಸಿದ ಲೆಕ್ಕದಂತೆ ರಾತ್ರಿಯ ಆಕಾಶ ವರ್ಷಕ್ಕೆ ಸರಾಸರಿ ಶೇಕಡಾ 9.6ರಷ್ಟು ಬೆಳ್ಳಗಾಗುತ್ತಿತ್ತು. ಎಂದರೆ ಎಂಟು ವರ್ಷಗಳಿಗೆ ಹೆಚ್ಚುಕಡಿಮೆ ಇಮ್ಮಡಿ. ಪದವು ಎಷ್ಟು ವರ್ಷ ಪದವಾಗಿ ಉಳಿದೀತು?

2024ರ ಮೊದಲ ಮಳೆ ಬಿದ್ದ ಮರುದಿನ ಅವರು ನಸುಕಿನಲ್ಲಿಯೇ ಬಸದಿಗೆ ಹೋದರು. ಇಂದ್ರರು ಮಾನಸ್ತಂಭದ ಸುತ್ತ ಹಿಡಿಸೂಡಿ ಬಿಟ್ಟು ನವಿಲುಗರಿಯ ಕಟ್ಟಿನಿಂದ ಗುಡಿಸುತ್ತಿದ್ದರು. ಅಡಕೆಯ ಹಾಳೆಯಲ್ಲಿ ರೆಕ್ಕೆಹುಳಗಳನ್ನು, ಪತಂಗಗಳನ್ನು, ದುಂಬಿಗಳನ್ನು ತುಂಬಿ, ಅಲುಗಾಡುವವುಗಳನ್ನು ಬೇರ್ಪಡಿಸಿ ಸಂಪಗೆ ಮರದ ಬುಡಕ್ಕೆ ಬಿಡುತ್ತಿದ್ದರು. ಇದು ನಾಲ್ಕನೆಯ ಹಾಳೆ ಎಂದರು. “ಎಷ್ಟು ದಿನದಿಂದ ಹೀಗೆ?” “ಐದು ವರ್ಷ ಆಯ್ತಲ್ಲ ಮಾಸ್ಟ್ರೇ. ಮಳೆಯಲ್ಲಿ ಹೆಚ್ಚು, ಬೇಸಗೆಯಲ್ಲಿ ಸ್ವಲ್ಪ ಕಮ್ಮಿ. ನಿಲ್ಲಲಿಲ್ಲ.” ಇಂದ್ರರ ಮಾತಿನಲ್ಲಿ ಆಕ್ಷೇಪವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು ಎಂದು ಮಾಸ್ಟ್ರಿಗೆ ಅನಿಸಿತು.

ರಾತ್ರಿಭೋಜನ ತ್ಯಾಗದ ಮನೆಗಳಲ್ಲಿ ಮಕ್ಕಳಿಗೆ ಮೊದಲು ಹೇಳಿಕೊಡುವುದೇ ದೀಪಕ್ಕೆ ಹುಳ ಬರುತ್ತದೆ, ಅನ್ನಕ್ಕೆ ಬೀಳುತ್ತದೆ ಎಂಬ ಕಾರಣವನ್ನು. ಅದೇ ಮನೆಗಳವರು ಸಂಜೆಯೂಟ ಮುಗಿಸಿ ಬಸದಿಗೆ ಬಂದು ನಾಲ್ಕು ಫ್ಲಡ್‌ಲೈಟುಗಳ ಕೆಳಗೆ ಆರತಿ ಮಾಡಿದರು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಅನರ್ಥದಂಡದ ಭೇದಗಳಲ್ಲಿ ಪ್ರಮಾದಚರ್ಯೆಯನ್ನು ಹೇಳುವಾಗ ನಿಷ್ಪ್ರಯೋಜನವಾಗಿ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಬೆಂಕಿಯನ್ನು ಉರಿಸುವುದು ಮುಂತಾದುವನ್ನು ಎಣಿಸುತ್ತದೆ. ವಿದ್ಯುತ್ತಿನ ಬೆಳಕಿನಲ್ಲಿ ಅಗ್ನಿಕಾಯದ ಜೀವವಿದೆಯೇ ಇಲ್ಲವೇ ಎಂಬ ವಾದ ಪಂಡಿತರಲ್ಲಿ ನಡೆಯುತ್ತಿರಲಿ. ಹಾಳೆಯಲ್ಲಿ ಬಿದ್ದವು ತ್ರಸಜೀವಿಗಳು, ಅದರಲ್ಲಿ ವಾದವಿಲ್ಲ.

ಮಾಸ್ಟ್ರನ್ನು ಹೆಚ್ಚು ಕಾಡಿದ್ದು ಇನ್ನೊಂದು ವಿಷಯ. ಪತಂಗವು ರೂಪದ ಮೋಹದಿಂದ ದೀಪಕ್ಕೆ ಬಿದ್ದು ಸಾಯುತ್ತದೆ ಎಂಬ ದೃಷ್ಟಾಂತವನ್ನು ಅವರು ಪ್ರವಚನಗಳಲ್ಲಿ ನೂರು ಬಾರಿ ಕೇಳಿದ್ದರು. 2024ರ ಜನವರಿಯಲ್ಲಿ ಪ್ರಕಟವಾದ ಒಂದು ಸಂಶೋಧನೆ ಬೇರೆಯೇ ಕಾರಣವನ್ನು ತೋರಿಸಿತು. ಹಾರುವ ಕೀಟಗಳು ರಾತ್ರಿ ತಮ್ಮ ಬೆನ್ನನ್ನು ಹೆಚ್ಚು ಬೆಳಕಿರುವ ಕಡೆಗೆ ತಿರುಗಿಸಿಕೊಳ್ಳುತ್ತವೆ. ಲಕ್ಷಾಂತರ ವರ್ಷಗಳಿಂದ ಆ ಕಡೆ ಎಂದರೆ ಆಕಾಶ, ಅದರಿಂದಲೇ ಅವುಗಳಿಗೆ ಮೇಲು ಕೆಳಗು ತಿಳಿಯುತ್ತಿತ್ತು. ದೀಪ ಬಂದಾಗ ಅದಕ್ಕೆ ಬೆನ್ನು ಕೊಟ್ಟು ಸುತ್ತಿ ಸುತ್ತಿ, ಮಗುಚಿ ಬೀಳುತ್ತವೆ. ಅತಿವೇಗದ ಕ್ಯಾಮರಾಗಳಿಂದ ಇದನ್ನು ಕಂಡರು. ಪತಂಗಕ್ಕೆ ಮೋಹವಿರಲಿಲ್ಲ, ಆಕಾಶ ಎಲ್ಲಿದೆ ಎಂಬುದು ತಪ್ಪಿಹೋಗಿತ್ತು. ಮೊಮ್ಮಗಳಿಂದ ಉತ್ತರಾಫಾಲ್ಗುಣಿಯನ್ನು ಮರೆಸಿದ ದೀಪವೇ ಅದಕ್ಕೂ ಆಕಾಶವನ್ನು ಮರೆಸಿತ್ತು. ಆ ದೀಪದ ಕಾಗದದ ಮೇಲೆ ಮೊದಲ ಸಹಿ ಯಾರದೆಂದು ಅವರು ಪ್ರತಿಕ್ರಮಣದಲ್ಲಿ ಪ್ರತಿದಿನ ನೆನೆದರು. ನೆನೆದು ಸುಮ್ಮನಿರುವುದು ಸಾಧ್ಯವಾಗಲಿಲ್ಲ.

ಆಷಾಢದಲ್ಲಿ ಮೊಕ್ತೇಸರರ ಸಭೆ ಸೇರಿತು. ಹಿರಿಯರೊಬ್ಬರು ನೊಂದು ನುಡಿದರು: “ಬಸದಿ ಬೆಳಗಬೇಕು ಮಾಸ್ಟ್ರೇ. ನೀವೇ ಹಾಕಿಸಿದಿರಿ, ಈಗ ನೀವೇ ಕತ್ತಲೆ ತರ್ತೀರಾ?” ಇನ್ನೊಬ್ಬರು ಕಳವಿನ ಮಾತೆತ್ತಿದರು. ಆ ಭಯ ನಿಜವಾದದ್ದು, ಅದನ್ನು ತಳ್ಳಿಹಾಕುವಂತಿರಲಿಲ್ಲ. ಮಾಸ್ಟ್ರು ವಾದಿಸಲಿಲ್ಲ. ಎಲ್ಲರನ್ನೂ ಅಂಗಳಕ್ಕೆ ಕರೆದು, ದೀಪಗಳನ್ನು ಹಾಕಿಸಿ, ಅಳಿಯನನ್ನು ಕಂಬದ ಹಿಂದಿನ ಗೋಡೆಯ ಪಕ್ಕ ನಿಲ್ಲಿಸಿದರು. ಕಣ್ಣಿಗೆ ಹೊಡೆಯುವ ಬೆಳಕಿನ ಹಿಂದೆ ನಿಂತವನು ಯಾರಿಗೂ ಕಾಣಲಿಲ್ಲ. ದೀಪ ಆರಿಸಿ ಐದು ನಿಮಿಷ ಕಾದಾಗ ಅವನ ಬಿಳಿಯ ಅಂಗಿ ಕಂಡಿತು. ಕ್ಯಾಮರಾ ಇಡುವುದಾದರೆ ಅವರಕ್ತ ಕಿರಣಗಳಿಂದ ಕತ್ತಲೆಯಲ್ಲಿಯೇ ಚಿತ್ರ ತೆಗೆಯುವವು ಸಿಗುತ್ತವೆ. ಬಾಗಿಲಲ್ಲಿ ಯಾರಾದರೂ ಸುಳಿದಾಗ ಮಾತ್ರ ಹೊತ್ತಿಕೊಳ್ಳುವ ದೀಪಗಳೂ ಇವೆ. ದಾರಿಗೆ ಬೇಕಾದ ದೀಪ ಕೆಳಮುಖವಾಗಿರಲಿ, ಮರೆಯಿರಲಿ, ಬಿಳುಪು ಬಿಟ್ಟು ಹಳದಿಯ ಬಣ್ಣದ್ದಾಗಿರಲಿ. ಆ ಬಣ್ಣ ಆಕಾಶದಲ್ಲಿ ಕಡಿಮೆ ಚದರುತ್ತದೆ, ಹುಳಗಳನ್ನೂ ಕಡಿಮೆ ಸೆಳೆಯುತ್ತದೆ. ಇಂದ್ರರನ್ನು ಕರೆದು ಹಾಳೆಯ ವಿಷಯ ಹೇಳಿಸಿದರು. ಅವರು ಹೇಳಿದ್ದು ಎರಡೇ ವಾಕ್ಯ.

ಒಪ್ಪಿಗೆ ಸಿಕ್ಕಿತು, ಆದರೆ ಅರ್ಧ. ಮಾನಸ್ತಂಭಕ್ಕೆ ಮುಖ ಮಾಡಿದ ಎರಡು ದೀಪಗಳು ಹಬ್ಬಗಳಿಗೆ ಮಾತ್ರ; ಉಳಿದೆರಡಕ್ಕೆ ತಗಡಿನ ಮರೆ ಕಟ್ಟಿ, ರಾತ್ರಿ ಒಂಬತ್ತಕ್ಕೆ ಆರಿಸುವುದು. ದಾನಿಗಳಿಗೆ ಕಾಗದ ಹೋಯಿತು. ಮಗ ದೂರವಾಣಿಯಲ್ಲಿ, “ಅಮ್ಮನ ಹೆಸರಿನ ದೀಪವನ್ನು ಆರಿಸುವುದೆಂದರೆ ನಮಗೆ ಹೇಗಾಗಬೇಡ?” ಎಂದು ಕೇಳಿದರು. ಮಾಸ್ಟ್ರ ಬಳಿ ಅದಕ್ಕೆ ಉತ್ತರವಿರಲಿಲ್ಲ. ಮೆಟ್ಟಿಲಿನ ಹೊಸ ಮರೆದೀಪದ ಬಳಿಗೆ ಹೆಸರಿನ ಕಲ್ಲನ್ನು ಸ್ಥಳಾಂತರಿಸುವ ಮಾತಾಡಿದರು, ಆಮೇಲೆ ನೋಡೋಣವೆಂದರು. ಆ ವರ್ಷದ ನೋಂಪಿಗೆ ಆ ಕುಟುಂಬದವರು ಬರಲಿಲ್ಲ.

ದೀಪಾವಳಿಯ ಅಮಾವಾಸ್ಯೆ ಬಂದಿತು. ಆ ಬೆಳಗಿನ ಜಾವ ಸ್ವಾತಿ ಸೂರ್ಯನ ಸಮೀಪವಿದ್ದು ಉಷೆಯ ಬೆಳಕಿನಲ್ಲಿ ಮರೆಯಾಗಿರುತ್ತದೆ. ನಿರ್ವಾಣದ ನಕ್ಷತ್ರ ನಿರ್ವಾಣದ ಮುಹೂರ್ತದಲ್ಲಿ ಕಣ್ಣಿಗೆ ಕಾಣುವುದಿಲ್ಲವೆಂಬುದನ್ನು ಮಾಸ್ಟ್ರು ಮೊಮ್ಮಗಳಿಗೆ ಮೊದಲೇ ಹೇಳಿದ್ದರು. ನಾಲ್ಕೂವರೆಗೆ ಜನರು ನಿರ್ವಾಣಪೂಜೆಗೆ ಬರತೊಡಗಿದರು. ಹಬ್ಬವಾದ್ದರಿಂದ ಠರಾವಿನ ಪ್ರಕಾರ ನಾಲ್ಕೂ ದೀಪಗಳು ಉರಿಯಬೇಕಿತ್ತು. ಇಂದ್ರರು ಸ್ವಿಚ್ಚಿನ ಪೆಟ್ಟಿಗೆಯ ಬಾಗಿಲನ್ನು ತೆರೆದು, ಅಂಗಳದಲ್ಲಿ ನಿಂತ ಮಗುವನ್ನು ನೋಡಿ, “ಪೂಜೆಗೆ ಇನ್ನೂ ಸ್ವಲ್ಪ ಹೊತ್ತಿದೆ” ಎಂದು ಹಾಗೆಯೇ ಮುಚ್ಚಿದರು. ಮೋಡಗಳು ಬಿಟ್ಟುಬಿಟ್ಟು ಸಾಗುತ್ತಿದ್ದವು. ಪಶ್ಚಿಮಕ್ಕೆ ಇಳಿಯುತ್ತಿದ್ದ ಕೃತ್ತಿಕೆ ಮಾಡಿನ ಅಂಚಿನ ಮೇಲೆ ಒಂದು ಬಿಡುವಿನಲ್ಲಿ ಕಂಡಿತು.

“ಐದು” ಎಂದಳು ಹುಡುಗಿ. “ನಿಮಗೆ, ಅಜ್ಜ?”

ಆ ಆಗಸ್ಟಿನಲ್ಲಿ ಅವರ ಬಲಗಣ್ಣಿನ ಪೊರೆ ತೆಗೆದಿದ್ದರು. ಎಡಗಣ್ಣನ್ನು ಮುಚ್ಚಿಕೊಂಡು ಬಹಳ ಹೊತ್ತು ನೋಡಿ, ಐದು ಇರಬಹುದು ಎಂದರು. ಇಂದ್ರರು ಅವರ ಪಕ್ಕಕ್ಕೆ ಬಂದು ತಲೆಯೆತ್ತಿದರು; ತುಟಿಗಳು ಅಲುಗಾಡಿದವು. ಏನನ್ನೂ ಹೇಳದೆ, ಎಣ್ಣೆಯ ಗಿಂಡಿಯನ್ನು ಎತ್ತಿಕೊಂಡು, ಗರ್ಭಗೃಹದ ದೀಪಗಳನ್ನು ಹಚ್ಚಲು ಒಳಗೆ ಹೋದರು. ಅಷ್ಟರಲ್ಲಿ ಮೋಡ ಮುಚ್ಚಿತು.